ಎರಡು ಹನಿ ಸ್ಪಿರಿಟ್

ಧಾರವಾಡ
೬ ಜುಲೈ ೧೯೬೪

ಪ್ರಿಯ ಮೈಮುನಾ,

ಇವತ್ತು ಬೆಳಿಗ್ಗೆ ಪ್ರಯೋಗಶಾಲೆಗೆ ಹೋದಾಗ, ನೀನು ಬುರ್ಖಾ ತೂಗುಹಾಕುತ್ತಿದ್ದ ಮೊಳೆಗೆ ಒಂದು ಹಸಿರು ಕೊಡೆ ನೇತಾಡುತ್ತಿತ್ತು. ಅದರ ತುದಿಯಿಂದ ನೀರು ತೊಟ್ಟಿಕ್ಕಿ ನೆಲದ ಮೇಲೆ ಬೋಗುಣಿಯಷ್ಟು ಅಗಲ ಹರಡಿತ್ತು. ಪಕ್ಕದ ಮೂರು ಮೊಳೆಗಳು ಖಾಲಿ ಇದ್ದವು.

ನೀನು ಬೆಂಗಳೂರಿನಿಂದ ಬರುವವರೆಗೆ ನಿನ್ನ ಜಾಗದಲ್ಲಿ ಸರ್ ಯಾರನ್ನು ತಂದರು ಎಂದು ಕೇಳಿದ್ದೆ. ಅಬೀದಾ ಅಂತ. ಹುಬ್ಬಳ್ಳಿ ವಿದ್ಯಾನಗರದವಳು, ಬಿ.ಎಸ್ಸಿ.ಯಲ್ಲಿ ಮೊದಲ ದರ್ಜೆ. ನಕ್ಕರೆ ಬಾಯಿಗೆ ಕೈ ಅಡ್ಡ ಹಿಡಿಯುವುದಿಲ್ಲ. ಆಕೆಗೆ ಕೆಲಸವನ್ನು ನಾನೇ ವಿವರಿಸಬೇಕೆಂದು ಸರ್ ಹೇಳಿದರು. ಕನ್ನಡ ಬಿ.ಎ. ಓದಿ, ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಲೆಕ್ಕಣಿಕೆ ಹಿಡಿದು ಕೂತವಳು ನಾನು. ಆದರೂ ಹೇಳಿದೆ. ಹೇಳಿದ್ದು ಸರಿಯೋ ತಪ್ಪೋ ನೀನೇ ನೋಡು.

ಇಲಿಯ ಯಕೃತ್ತಿನಲ್ಲಿ ಒಂದು ಕಿಣ್ವ ಇದೆ. ಎ ಜೀವಸತ್ವದ ಆಲ್ಡಿಹೈಡನ್ನು ಅದು ಆಮ್ಲವಾಗಿ ಮಾರ್ಪಡಿಸುತ್ತದೆ. ನಾವು ಯಕೃತ್ತನ್ನು ಮಂಜುಗಡ್ಡೆಯ ಮೇಲೆ ಅರೆದು, ಗಾಜಿನ ನಳಿಗೆಗಳಿಗೆ ಹಾಕಿ, ಆಲ್ಡಿಹೈಡ್ ಬೆರೆಸಿ ಅರ್ಧ ಗಂಟೆ ಬೆಚ್ಚಗಿಡುತ್ತೇವೆ. ಒಂದು ಸಾಲಿಗೆ ನಿನ್ನ ಅಪ್ಪನ ಕಾರಖಾನೆಯ ಪುಡಿ ಸೇರುತ್ತದೆ, ಅದು ಕಿಣ್ವವನ್ನು ತಡೆಯುತ್ತದೆಯೇ ಎಂದು ನೋಡಲು. ಇನ್ನೊಂದು ಸಾಲು ಪುಡಿಯಿಲ್ಲದ್ದು, ಹೋಲಿಕೆಗೆ. ಕೊನೆಗೆ ಆಂಟಿಮನಿ ದ್ರಾವಣ ಸುರಿದರೆ, ಮಾರ್ಪಡದೆ ಉಳಿದ ಆಲ್ಡಿಹೈಡ್ ನೀಲಿಯಾಗುತ್ತದೆ. ಕಿಣ್ವ ಕೆಲಸ ಮಾಡಿದ್ದರೆ ನೀಲಿ ತೆಳು, ಪುಡಿ ಅದನ್ನು ತಡೆದಿದ್ದರೆ ನೀಲಿ ಗಾಢ. ಆ ನೀಲಿ ಐದಾರು ಸೆಕೆಂಡಿನಲ್ಲಿ ಮಾಸಿಹೋಗುತ್ತದೆ. ಅದಕ್ಕೇ ಒಬ್ಬಳು ಸುರಿಯಬೇಕು, ಇನ್ನೊಬ್ಬಳು ಅದೇ ಗಳಿಗೆಯಲ್ಲಿ ಯಂತ್ರದ ಮುಳ್ಳು ಓದಿ ಬರೆಯಬೇಕು.

"ಎಷ್ಟ ಛಲೋ ಹೇಳಿದ್ರಿ ಅಕ್ಕಾರ! ನಮ್ಮ ಕಾಲೇಜಿನ್ಯಾಗ ಯಾರೂ ಹಿಂಗ ಹೇಳಲಿಲ್ಲ" ಎಂದಳು ಅಬೀದಾ. ನನಗೇಕೋ ಆ ಹೊಗಳಿಕೆ ಬೇಡವಾಗಿತ್ತು.

ಸುರಿಯುವ ಮೊದಲು ನೀನು ಸಣ್ಣಗೆ ಉಸಿರೆಳೆದುಕೊಳ್ಳುತ್ತಿದ್ದೆ. ಬೆಳಕಿಗೆ ಎ ಜೀವಸತ್ವ ಕೆಡದಿರಲೆಂದು ಇಟ್ಟ ಆ ಕೆಂಪು ದೀಪದ ಕತ್ತಲಲ್ಲಿ ನನಗೆ ಅಷ್ಟೇ ಸಾಕಾಗುತ್ತಿತ್ತು. ಈಕೆ ಪ್ರತಿ ನಳಿಗೆಗೂ "ರೆಡಿ ಏನ್ರಿ?" ಎಂದು ಕೇಳುತ್ತಾಳೆ. ಇವತ್ತು ಇಪ್ಪತ್ತನಾಲ್ಕು ಸಲ ಕೇಳಿದಳು.

ಅಲ್ಲಿಯ ಊಟ ಹೇಗಿದೆ?

ನಿನ್ನ
ಕಸ್ತೂರಿ


ಬೆಂಗಳೂರು
೧೭ ಜುಲೈ ೧೯೬೪

ಕಸ್ತೂರಿ,

ನೀನು ವಿವರಿಸಿದ್ದು ಸರಿಯಾಗಿದೆ. ಊಟ ಸಪ್ಪೆ. ರೊಟ್ಟಿ ಕೇಳಿದರೆ ಇಲ್ಲಿಯವರು ನನ್ನನ್ನು ಕಾಯಿಲೆಯವಳಂತೆ ನೋಡುತ್ತಾರೆ. ಇಲ್ಲಿಯ ದೊಡ್ಡ ಯಂತ್ರಕ್ಕೆ ಸರದಿ ಬಹಳ, ಬರೆಯಲು ಪುರುಸೊತ್ತಿಲ್ಲ.

ಅಬೀದಾ ನಾಲ್ಕು ಪುಟ ಬರೆದಿದ್ದಳು. ಒಳ್ಳೊಳ್ಳೆ ಪ್ರಶ್ನೆ ಕೇಳಿದ್ದಾಳೆ, ಅದಕ್ಕೆಲ್ಲ ಉತ್ತರಿಸುವುದರಲ್ಲೇ ಭಾನುವಾರ ಹೋಯಿತು. ಮುಳ್ಳು ಓದುವುದನ್ನೂ ಆಕೆಯೇ ಕಲಿಯಲಿ. ಸುರಿಯಲು ಸರ್ ಬೇರೆ ವಿದ್ಯಾರ್ಥಿಯನ್ನು ಕೊಡುತ್ತಾರಂತೆ. ನೀನು ಬರವಣಿಗೆ ಮತ್ತು ಗಾಜಿನ ಸಾಮಾನು ನೋಡಿಕೊಂಡರೆ ಸಾಕು. ನಿನಗೂ ಹಗುರಾಗುತ್ತದೆ.

ಬಿಡುವಾದಾಗ ಹುಬ್ಬಳ್ಳಿಗೆ ಹೋಗಿ ಅಮ್ಮನನ್ನು ನೋಡಿ ಬಾ.

ಮೈಮುನಾ


ಧಾರವಾಡ
೯ ಆಗಸ್ಟ್ ೧೯೬೪

ಪ್ರಿಯ ಮೈಮುನಾ,

ಇವತ್ತು ಗೋಕುಲ ರಸ್ತೆಯ ನಿಮ್ಮ ಮನೆಗೆ ಹೋಗಿದ್ದೆ. ನಿನ್ನ ತಂದೆ ಮನೆಯ ಹಿಂದಿನ ಕಾರಖಾನೆಯಲ್ಲಿ ಸವೆದ ಟಾಯರುಗಳಿಗೆ ಹೊಸ ರಬ್ಬರು ಕೂಡಿಸುವ ಗಡಿಬಿಡಿಯಲ್ಲಿದ್ದರು. ಎಂದಿನಂತೆ ನಾನು ಅವರಿಗೆ ದೂರದಿಂದಲೇ ತಲೆಬಾಗಿ ಒಳಗೆ ಹೋದೆ. ನಿನ್ನ ಅಮ್ಮ, ನನ್ನ ಮಾಬೂಬಿ ಕಾಕು, ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು ಮೊದಲು ಕೇಳಿದ್ದೇನು ಗೊತ್ತೆ?

"ಯಾರವಾ ಆಕಿ ಅಬೀದಾ? ಪತ್ರದಾಗ ನಾಕ ಸಲ ಆಕಿ ಹೆಸರ ಐತಿ. ಹೆತ್ತ ತಾಯಿ ಹೆಸರ ಒಂದ ಸಲ!"

"ನಿಮ್ಮದರ ಒಂದ ಸಲ ಐತಲ್ರಿ ಕಾಕು" ಎಂದೆ. ಅವರಿಗೆ ನಗು ಬಂತು. ನನ್ನದು ಎಷ್ಟು ಸಲ ಇತ್ತೆಂದು ನಾನು ಕೇಳಲಿಲ್ಲ.

ಯಂಕಣ್ಣನ ಸುದ್ದಿ ಹೇಳಿದರು. ಅದೇ, ರಬ್ಬರು ಲಗೂ ಗಟ್ಟಿಯಾಗಲೆಂದು ಬೆರೆಸುವ ಬಿಳಿ ಪುಡಿಯನ್ನು ಕಲಸುವ ಆಳು. ಈಗ ಪೂರ್ತಿ ಕುಡಿತ ಬಿಟ್ಟಿದ್ದಾನಂತೆ. "ಸರಕಾರ ಪಾನನಿಷೇಧ ಮಾಡಿ ಬಿಡಿಸಲಾರದ್ದನ್ನ ನಮ್ಮ ಪುಡಿ ಬಿಡಿಸ್ತ ನೋಡವಾ. ಕದ್ದು ಒಂದ ಗುಟುಕು ಕುಡದರೂ ಮಾರಿ ಕೆಂಪ ಆಗಿ ಎದಿ ಡವಡವ ಅಂತಿತ್ತು. ಅವನ ಹೆಂಡ್ತಿ ಗುಡ್ಡವ್ವ ಬಂದು, ಇವಗ ಬ್ಯಾರೆ ಕೆಲಸ ಕೊಡಬ್ಯಾಡ್ರಿ, ಪುಡಿ ಕಲಸೂದs ಇರಲಿ ಅಂತ ಕೈ ಮುಗದು ಹೋದ್ಲು" ಎಂದರು.

ನಿನಗೆ ನೆನಪಿದೆಯೋ ಇಲ್ಲವೋ. ಹೋದ ವರ್ಷ ಮೇ ತಿಂಗಳಲ್ಲಿ ನಾನು ನಿಮ್ಮಲ್ಲಿ ಊಟಕ್ಕೆ ಬಂದ ದಿನವೇ ಯಂಕಣ್ಣ ಅಂಗಳದಲ್ಲಿ ಕೆಂಪು ಮುಖ ಹೊತ್ತು ಕೂತಿದ್ದ. ಹೊಟ್ಟೆಗೆ ಹೋದ ಮದ್ಯ ಆಲ್ಡಿಹೈಡ್ ಆಗುತ್ತದೆ, ಅದನ್ನು ತೆಗೆದುಹಾಕುವ ಕಿಣ್ವವನ್ನು ಈ ಪುಡಿ ಕಟ್ಟಿಹಾಕುತ್ತದೆ ಎಂದು ನೀನು ತಿಳಿಸಿ ಹೇಳಿದೆ. "ಹಂಗಾರ ಎ ಜೀವಸತ್ವಕ್ಕೂ ಆಲ್ಡಿಹೈಡ್ ಐತಿ ಅಂತೀಯಲ್ಲ, ಅದರ ಕಿಣ್ವಾನೂ ತಡೀತದೇನ ಈ ಪುಡಿ?" ಎಂದು ನಾನು ಸುಮ್ಮನೆ ಕೇಳಿದೆ. ನೀನು ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟು, "ನೀ ಸಾಹಿತ್ಯ ಓದಿ ಕೆಟ್ಟಿ ನೋಡ ಕಸ್ತೂರಿ" ಎಂದೆ. ಮರುವಾರವೇ ಸರ್ ಅವರಿಗೆ ಹೇಳಿದೆ, ಆಗಸ್ಟಿನಲ್ಲಿ ಕೆಲಸ ಶುರುಮಾಡಿ ನನ್ನನ್ನೂ ಕರೆದುಕೊಂಡೆ. ಕಾಲೇಜಿನ ಮೊದಲ ದಿನ ನನ್ನ ಬೆಂಚಿನಲ್ಲಿ ಖಾಲಿ ಉಳಿದಿದ್ದ ಜಾಗಕ್ಕೆ ಬಂದು ಕೂತವಳೂ ನೀನೊಬ್ಬಳೇ. ಇದನ್ನು ಯಾಕೆ ಬರೆದೆನೋ.

ನೀನು ಹೇಳಿದಂತೆ ಸೋಮವಾರದಿಂದ ಅಬೀದಾ ಮುಳ್ಳು ಓದುತ್ತಿದ್ದಾಳೆ. ಆಕೆ ಕೂಗುತ್ತಾಳೆ, ನಾನು ಬರೆಯುತ್ತೇನೆ. ಆಮೇಲೆ ನಳಿಗೆ ತೊಳೆಯುತ್ತೇನೆ. ನೀನು ಹೇಳಿದಂತೆಯೇ ಹಗುರಾಗಿದೆ.

ನಿನ್ನ
ಕಸ್ತೂರಿ


ಧಾರವಾಡ
೨೭ ಸೆಪ್ಟೆಂಬರ್ ೧೯೬೪

ಪ್ರಿಯ ಮೈಮುನಾ,

ಈ ತಿಂಗಳಲ್ಲಿ ನಿನ್ನ ಒಂದು ಕಾರ್ಡು ಬಂತು. ಅದೇ ಟಪಾಲಿನಲ್ಲಿ ಅಬೀದಾಳಿಗೆ ಒಂದು ದಪ್ಪ ಲಕೋಟೆ ಬಂದಿತ್ತು. ಹೊರಗಿನ ಅಕ್ಷರ ನೋಡಿ ಜವಾನ ಬೀರಲಿಂಗಪ್ಪ ಅದನ್ನೂ ನನ್ನ ಕೈಗೇ ಕೊಟ್ಟ. ನಾನೇ ಆಕೆಯ ಮೇಜಿನ ಮೇಲಿಟ್ಟೆ.

ಕೆಲಸದ ಬಗ್ಗೆ ಒಂದು ಮಾತು. ಇದು ಯಾರ ಮೇಲಿನ ದೂರೂ ಅಲ್ಲ.

ಪುಡಿ ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದ ಅದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ನಳಿಗೆಗೆ ಎರಡು ಹನಿ ಹಾಕುತ್ತಾರೆ. ಹೋಲಿಕೆಯ ನಳಿಗೆಗೆ ಪುಡಿಯಿಲ್ಲದ ಬರೀ ಸ್ಪಿರಿಟ್ ಎರಡು ಹನಿ ಬೀಳಬೇಕು. ಆಗ ಮಾತ್ರ ಎರಡರ ನಡುವಿನ ವ್ಯತ್ಯಾಸ ಪುಡಿಯದ್ದು ಎನ್ನಬಹುದು. ಇಷ್ಟು ನನ್ನಂಥವಳಿಗೂ ತಿಳಿಯುತ್ತದೆ. ಆದರೆ ಸೆಪ್ಟೆಂಬರ್ ಹದಿನಾರರಂದು ತೊಳೆಯುವಾಗ ಪುಡಿಯ ಸಾಲಿನ ನಳಿಗೆಗಳು ಸ್ಪಿರಿಟ್ ವಾಸನೆ ಹೊಡೆಯುತ್ತಿದ್ದವು. ಹೋಲಿಕೆಯ ಸಾಲಿಗೆ ಯಕೃತ್ತಿನ ಹಸಿ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಮರುದಿನವೂ ಹಾಗೆಯೇ. ಹನ್ನೊಂದು ದಿನ ನಾನು ಒಂದೊಂದೇ ನಳಿಗೆಯನ್ನು ಮೂಸಿ ನೋಡಿದ್ದೇನೆ. ಅಬೀದಾ ಹೋಲಿಕೆಗೆ ಬರೀ ನೀರು ಹಾಕುತ್ತಿದ್ದಾಳೆ. ಸ್ಪಿರಿಟ್ಟೇ ಕಿಣ್ವವನ್ನು ತಡೆಯುತ್ತಿದ್ದರೆ? ಅದನ್ನು ನಾವು ಪುಡಿಯ ಹೆಸರಿಗೆ ಬರೆಯುತ್ತಿದ್ದೇವೆ.

ಮೊದಲ ದರ್ಜೆಯ ಬಿ.ಎಸ್ಸಿ.ಯವರಿಗೆ ಇದು ಹೇಗೆ ತಿಳಿಯಲಿಲ್ಲವೋ. ಸರ್ ಅವರಿಗೆ ಇನ್ನೂ ಹೇಳಿಲ್ಲ. ಆಕೆಯನ್ನೂ ಕೇಳಿಲ್ಲ. ಮೊದಲು ನಿನಗೆ ತಿಳಿಸುವುದು ಸರಿ ಎನಿಸಿತು. ಮುಳ್ಳಿನ ಮುಂದೆ ಮತ್ತೆ ನಾನೇ ಕೂರಬೇಕೆಂದರೆ ನನ್ನ ಅಡ್ಡಿಯಿಲ್ಲ.

ನಿನ್ನ
ಕಸ್ತೂರಿ


ಬೆಂಗಳೂರು
೬ ಅಕ್ಟೋಬರ್ ೧೯೬೪

ಕಸ್ತೂರಿ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಹನ್ನೊಂದು ದಿನ ನಳಿಗೆ ಮೂಸಿದ್ದೀ. ಆ ಹನ್ನೊಂದು ದಿನದಲ್ಲಿ ಒಂದು ಸಲ ಆ ಹುಡುಗಿಯನ್ನು ಬಾಯಿಬಿಟ್ಟು ಕೇಳಿದ್ದರೆ ಆಕೆ ಹೇಳುತ್ತಿದ್ದಳು. ನೀರು ಹಾಕೆಂದು ಹೇಳಿದವಳು ನಾನು.

ಇಲ್ಲಿ ಬೆಂಗಳೂರಿನಲ್ಲಿ ಸ್ಪಿರಿಟ್ಟಿಗೆ ಬರ ಇಲ್ಲ. ಆದರೆ ನಮ್ಮ ಪಾನನಿಷೇಧದ ಜಿಲ್ಲೆಯಲ್ಲಿ ಬೀರಲಿಂಗಪ್ಪನ ಕಪಾಟಿನಿಂದ ಒಂದು ಸಣ್ಣ ಸೀಸೆ ತೆಗೆಸುವುದೆಂದರೆ ಏನೆಂದು ನಿನಗೆ ಗೊತ್ತಿದೆ. "ಅಬಕಾರಿ ಸಾಹೇಬ್ರು ಬಂದರ ಕೈಗೆ ಬೇಡಿ ಬೀಳೂದು ನನಗ್ರೀ, ನಿಮಗಲ್ಲ" ಎಂದು ಅವನು ಪ್ರತಿ ಸಲ ಹಾಡುತ್ತಿದ್ದ. ಇದ್ದಷ್ಟನ್ನು ಪುಡಿಗೆ ಉಳಿಸಿಕೊಂಡು ಹೋಲಿಕೆಗೆ ನೀರು ಹಾಕುತ್ತ ಬಂದೆ. ಹೋದ ವರ್ಷದ ಆಗಸ್ಟಿನಿಂದಲೂ ಹಾಗೆಯೇ. ಎರಡು ಹನಿಯಿಂದ ಏನೂ ಆಗುವುದಿಲ್ಲ.

ಹನ್ನೊಂದು ತಿಂಗಳು ನೀನು ನನ್ನ ಪಕ್ಕದಲ್ಲೇ ಕೂತಿದ್ದೆ. ಆಗ ನಿನ್ನ ಮೂಗಿಗೆ ಏನಾಗಿತ್ತು?

ಇದು ಕೆಲಸದ ಮಾತಲ್ಲ, ಹೊಟ್ಟೆಕಿಚ್ಚು. ಬೇರೆ ಯಾರಾದರೂ ಹೀಗೆ ಬರೆದಿದ್ದರೆ ನನಗೆ ಇಷ್ಟು ಬೇಸರವಾಗುತ್ತಿರಲಿಲ್ಲ.

ಜನವರಿಯಲ್ಲಿ ಸರ್ ಲೇಖನವನ್ನು ಪತ್ರಿಕೆಗೆ ಕಳಿಸುತ್ತಾರೆ. ಅದರ ಆಧಾರದ ಮೇಲೆ ನನ್ನ ಫೆಲೋಶಿಪ್ಪು. ಇದನ್ನು ನೀನು ಇನ್ನೆಲ್ಲೂ ಆಡಬೇಡ.

ಮೈಮುನಾ


ಧಾರವಾಡ
೨೯ ನವೆಂಬರ್ ೧೯೬೪

ಮೈಮುನಾ,

ಎರಡು ತಿಂಗಳಾಗುತ್ತ ಬಂತು. ಬರೆದು ಹರಿದು ಹಾಕಿದ ಪತ್ರಗಳು ನಾಲ್ಕು. ಎಲ್ಲದರಲ್ಲೂ ನನ್ನ ಸಮರ್ಥನೆಯೇ ಇತ್ತು.

ನೀನು ಹೇಳಿದ್ದು ನಿಜ, ಹೊಟ್ಟೆಕಿಚ್ಚೇ. ಆ ಹನ್ನೊಂದು ದಿನ ನಾನು ಎಷ್ಟು ಸುಖವಾಗಿದ್ದೆನೆಂದರೆ, ಮನೆಯಲ್ಲಿ ಅವ್ವ "ಏನ ಕಸ್ತೂರೆವ್ವ, ಹಾಡ ಗುನಗತೀಯಲ್ಲ?" ಎಂದು ಕೇಳಿದ್ದಳು. ಆಕೆ ತಪ್ಪು ಮಾಡುತ್ತಿದ್ದಾಳೆ, ಅದು ನನಗೆ ಮಾತ್ರ ಗೊತ್ತು ಎಂಬ ಸುಖ.

ನಿನ್ನ ಪಕ್ಕ ಕೂತಾಗ ಯಾಕೆ ಕಾಣಲಿಲ್ಲ ಎಂದು ಕೇಳಿದೆ. ನಾನು ನಿನ್ನ ಉಸಿರನ್ನು ಕೇಳುತ್ತಿದ್ದೆ, ಮುಳ್ಳನ್ನು ನೋಡುತ್ತಿದ್ದೆ. ನಿನ್ನ ಬೆರಳಿನ ಸುಟ್ಟ ಗಾಯ ಯಾವ ವಾರ ಮಾಯಿತು ಎಂದು ಈಗಲೂ ಹೇಳಬಲ್ಲೆ. ಆ ಬೆರಳು ಯಾವ ಸೀಸೆಯನ್ನು ಎತ್ತುತ್ತಿತ್ತೆಂದು ಒಂದು ದಿನವೂ ನೋಡಲಿಲ್ಲ. ನೀನು ಎತ್ತಿದ್ದು ಸರಿಯಾದದ್ದೇ ಇರುತ್ತದೆ ಎಂದಿದ್ದೆ. ಆಗ ನಳಿಗೆ ತೊಳೆಯುತ್ತಿದ್ದವಳೂ ನೀನೇ.

ಕೊನೆಗೆ ಅಬೀದಾಳನ್ನು ಕೇಳಿದೆ. ಕೇಳಲು ನನಗೆ ಐದು ವಾರ ಬೇಕಾಯಿತು. ಆಕೆ ಕೈ ಒರೆಸಿಕೊಳ್ಳುತ್ತ ಹೇಳಿದಳು:

"ನಾ ಬಂದ ವಾರಾನ ಮೈಮುನಾ ಆಪಾಗ ಬರದ ಕೇಳಿದ್ದೆ ಅಕ್ಕಾರ, ನೀರ ಯಾಕ, ಸ್ಪಿರಿಟ್ ಯಾಕಲ್ಲ ಅಂತ. ಎರಡ ಹನಿಗೆ ಏನಾಗತದ, ಸುಮ್ಮನ ಮಾಡ ಅಂತ ಬರದ್ರು. ಅವರು ದೊಡ್ಡವರು. ಮತ್ತ ಕೇಳಲಿಲ್ಲ. ನೀವೂ ಏನೂ ಅನ್ನಲಿಲ್ಲ, ನಿಮಗೆಲ್ಲಾ ಗೊತ್ತಿರತದ ಅನಕೊಂಡೆ."

"ನನಗ್ಯಾಕ ಹೇಳಲಿಲ್ಲ?"

"ನೀವು ನನ್ನ ಕೂಡ ಮಾತಾಡೂದs ಇಲ್ಲಲ್ರೀ" ಎಂದು ನಕ್ಕಳು. ಅದರಲ್ಲಿ ಚುಚ್ಚುವುದೇನೂ ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ನಾನು ಹನ್ನೊಂದು ತಿಂಗಳಲ್ಲಿ ಕಾಣದ್ದನ್ನು ಆಕೆ ಮೊದಲ ವಾರದಲ್ಲೇ ಕಂಡಿದ್ದಳು.

ಬೀರಲಿಂಗಪ್ಪನಿಗೆ ಇಬ್ಬರೂ ಸೇರಿ ಗಂಟು ಬಿದ್ದೆವು. "ಒಬ್ಬಾಕಿ ಕಾಟಾನs ಸಾಕಾಗಿತ್ತು, ಈಗ ಜೋಡಿ ಬಂದ್ರೇನು?" ಎಂದು ಗೊಣಗುತ್ತ ಸೀಸೆ ಕೊಟ್ಟ. ನಾವು ನಾಲ್ಕು ದಿನ, ಮೂರು ಸಾಲು ನಳಿಗೆ ಇಟ್ಟೆವು. ಬರೀ ನೀರು, ಬರೀ ಸ್ಪಿರಿಟ್, ಸ್ಪಿರಿಟ್ಟಿನಲ್ಲಿ ಕರಗಿದ ಪುಡಿ. ಆಕೆ ಸುರಿದಳು, ನಾನು ಓದಿದೆ. ಆಮೇಲೆ ಅದಲುಬದಲು ಮಾಡಿದೆವು. ಸರಾಸರಿ ಇದು: ನೀರಿಗೆ ಮುಳ್ಳು ಇಪ್ಪತ್ತಕ್ಕೆ ನಿಲ್ಲುತ್ತದೆ. ಪುಡಿಗೆ ನಲವತ್ತೆಂಟು. ಇಪ್ಪತ್ತೆಂಟರ ಈ ಅಂತರವನ್ನೇ ನಾವು ಇಷ್ಟು ದಿನ ಪುಡಿಯದ್ದು ಎಂದು ಬರೆದೆವು. ಬರೀ ಸ್ಪಿರಿಟ್ಟಿಗೆ ಮುಳ್ಳು ನಲವತ್ತೊಂದಕ್ಕೆ ಹೋಗುತ್ತದೆ, ಮೈಮುನಾ. ಪುಡಿಯದೆಂದು ಉಳಿಯುವುದು ಏಳೇ.

ನಾಲ್ಕು ದಿನವೂ ಆ ಏಳು ಹೆಚ್ಚುಕಡಿಮೆ ಅಷ್ಟೇ ಬಂದಿದೆ. ಪುಡಿ ತಡೆಯುತ್ತದೆ, ಆದರೆ ಸ್ವಲ್ಪ. ಸರ್ ಅವರಿಗೆ ನೀನೇ ಬರೆದರೆ ಒಳ್ಳೆಯದು ಎಂದು ನಾವಿಬ್ಬರೂ ಬಾಯಿ ಮುಚ್ಚಿಕೊಂಡಿದ್ದೇವೆ.

ಕಸ್ತೂರಿ


ಬೆಂಗಳೂರು
೮ ಡಿಸೆಂಬರ್ ೧೯೬೪

ನನ್ನ ಕಸ್ತೂರಿ,

ಅಕ್ಟೋಬರಿನಲ್ಲಿ ಹಾಗೆ ಬರೆಯಬಾರದಿತ್ತು. ಬರೆದ ದಿನವೇ ಟಪಾಲು ಪೆಟ್ಟಿಗೆಯ ಹತ್ತಿರ ಹೋಗಿ ವಾಪಸು ತೆಗೆಯಲು ಬರುತ್ತದೆಯೇ ಎಂದು ನೋಡಿದ್ದೆ.

ನಿಮ್ಮ ಅಂಕಿಗಳನ್ನು ನಂಬುತ್ತೇನೆ. ಇಲ್ಲಿ ನಾನೂ ಒಂದು ಸಲ ಮಾಡಿ ನೋಡಿದೆ. ಅಲ್ಲಿಗಿಂತ ಭಿನ್ನವೇನೂ ಬರಲಿಲ್ಲ.

ಈಗ ನಾನು ಬೇರೆ ಯಾರಿಗೂ ಹೇಳದ ಮಾತು. ಬೆಳಗಾವಿಯ ಕಟ್ಟಿಗೆ ವ್ಯಾಪಾರದವರ ಮನೆಯಿಂದ ನನಗೆ ಸಂಬಂಧ ಬಂದಿದೆ. ಫೆಲೋಶಿಪ್ಪು ಸಿಕ್ಕರೆ ಮೂರು ವರ್ಷ ತಡೆಯುತ್ತೇನೆಂದು ಅಪ್ಪ ಒಪ್ಪಿದ್ದಾರೆ. ಸಿಗದಿದ್ದರೆ ಫೆಬ್ರುವರಿಯಲ್ಲಿ ನಿಕಾಹ್. ಹುಡುಗ ಕೆಟ್ಟವನಲ್ಲವಂತೆ. ಆ ಮನೆಯಲ್ಲಿ ಹೆಂಗಸರು ಹೊರಗೆ ದುಡಿಯುವುದಿಲ್ಲವಂತೆ. ಫೆಲೋಶಿಪ್ಪಿನ ನಿರ್ಧಾರ ಜನವರಿ ಹದಿನೈದಕ್ಕೆ. ಏಳು ಅಂಶದ ಮೇಲೆ ಯಾರೂ ಕೊಡುವುದಿಲ್ಲ. ಇಪ್ಪತ್ತೆಂಟಕ್ಕೆ ಕೊಡುತ್ತಾರೆ.

ನೋಟುಪುಸ್ತಕದಲ್ಲಿ ಹೋಲಿಕೆಯ ನಳಿಗೆಗೆ ಏನು ಹಾಕಿದೆವೆಂಬ ಅಂಕಣವನ್ನು ನಾವು ತುಂಬಿಯೇ ಇಲ್ಲ. ಎಲ್ಲ ಪುಟಗಳಲ್ಲೂ ಅದು ಖಾಲಿ ಇದೆ. ಕಳಿಸುವ ಮೊದಲು ಸರ್ ಅದನ್ನು ನೋಡುತ್ತಾರೆ. ನೀನು ಅಲ್ಲಿ ‘ಸ್ಪಿರಿಟ್’ ಎಂದು ತುಂಬು. ಮೊದಲಿನಿಂದ ಕೊನೆಯವರೆಗೆ ನಿನ್ನದೇ ಅಕ್ಷರ, ಯಾರೂ ಕೇಳುವುದಿಲ್ಲ. ಫೆಲೋಶಿಪ್ಪು ಬಂದ ಮೇಲೆ ಮುಂದಿನ ಲೇಖನದಲ್ಲಿ ನಾನೇ ತಿದ್ದಿಕೊಳ್ಳುತ್ತೇನೆ. ಅಬೀದಾ ಚಿಕ್ಕವಳು, ಹೇಳಿದಂತೆ ಕೇಳುತ್ತಾಳೆ.

ಜನವರಿ ಕೊನೆಗೆ ನಾನು ಬರುತ್ತೇನೆ. ಅಬೀದಾಳನ್ನು ಸಸ್ಯಶಾಸ್ತ್ರದ ಕಡೆಗೆ ಹಾಕಲು ಸರ್ ಅವರನ್ನು ಕೇಳುತ್ತೇನೆ. ಆ ಕೋಣೆಯಲ್ಲಿ ಮತ್ತೆ ನಾವಿಬ್ಬರೇ. ಲೇಖನದಲ್ಲಿ ನಿನ್ನ ಹೆಸರೂ ಇರುತ್ತದೆ. ಆ ಪ್ರಶ್ನೆ ನಿನ್ನದು. ನಾನು ಮರೆತಿಲ್ಲ.

ನಿನ್ನ, ನಿನ್ನವಳೇ ಆದ
ಮೈಮುನಾ


ಧಾರವಾಡ
೨೦ ಡಿಸೆಂಬರ್ ೧೯೬೪, ಭಾನುವಾರ

ಪ್ರಿಯ ಮೈಮುನಾ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೆಂದು ಹೇಳಿದರೆ ನೀನು ನಗುತ್ತೀ. ಮೊದಲ ಸಾಲನ್ನು ಮತ್ತು ಕೊನೆಯ ಸಾಲನ್ನು ಮಾತ್ರ ಓದಿದ ದಿನಗಳೂ ಇವೆ. ಜುಲೈಯಿಂದ ನಾನು ಏನೇನು ಬೇಡಿಕೊಂಡಿದ್ದೆನೋ ಅದೆಲ್ಲ ಆ ಒಂದು ಹಾಳೆಯಲ್ಲಿತ್ತು. ಅಬೀದಾ ಹೋಗುವುದು, ನೀನು ಬರುವುದು, ಪ್ರಶ್ನೆ ನನ್ನದೆಂದು ನೀನು ಒಪ್ಪುವುದು.

ಮೊನ್ನೆ ಸಂಜೆ ಅಬೀದಾಳಿಗೆ ನಿನ್ನ ಲಕೋಟೆ ಮತ್ತೊಂದು ಬಂದಿತ್ತು. ಆಕೆಗೂ ಏನಾದರೂ ಕೊಡುವೆನೆಂದು ಬರೆದಿದ್ದೀಯಾ ಎಂದು ನನಗೆ ಆ ಕ್ಷಣ ಅನಿಸಿತು. ಅನಿಸಿದ್ದನ್ನು ಮುಚ್ಚಿಡುವುದಿಲ್ಲ. ಆಕೆ ಓದಿ, ಮಡಿಸಿ, ಬ್ಯಾಗಿನಲ್ಲಿಟ್ಟುಕೊಂಡಳು. "ಆಪಾ ಅಳಾಕತ್ತಾರ ಅನಿಸ್ತದ ಅಕ್ಕಾರ" ಎಂದಷ್ಟೇ ಹೇಳಿದಳು. ನಿನ್ನ ಅಳು ಆಕೆಗೆ ಮೊದಲು ತಿಳಿಯಿತೆಂದು ಅದಕ್ಕೂ ನನಗೆ ಉರಿಯಿತು. ಈ ಉರಿ ಬೇಗ ಹೋಗುವಂಥದ್ದಲ್ಲ.

ಇವತ್ತು ಬೆಳಗಿನ ಗಾಡಿಗೆ ಹುಬ್ಬಳ್ಳಿಗೆ ಹೋದೆ. ನೆಟ್ಟಗೆ ಕಾರಖಾನೆಗೆ ಹೋಗಿ ನಿನ್ನ ಅಪ್ಪ ಕಮರುದ್ದೀನ ಕಾಕಾ ಅವರ ಮುಂದೆ ನಿಂತೆ. ರಬ್ಬರಿನ ವಾಸನೆಗೋ ಹೆದರಿಕೆಗೋ ಕಣ್ಣಲ್ಲಿ ನೀರು ಬಂತು.

"ಕಾಕಾ, ಮೈಮುನಾನ ಮದುವಿ ಒಂದ ವರ್ಷ ತಡೀರಿ" ಎಂದೆ.

ಅವರು ಕೈಯಲ್ಲಿದ್ದ ಟಾಯರನ್ನು ಗೋಡೆಗೆ ಆನಿಸಿದರು. "ನೀ ಕಸ್ತೂರಿ ಅಲ್ಲೇನ? ಇಷ್ಟ ವರ್ಷದಾಗ ನಿನ್ನ ದನಿ ಇವತ್ತ ಕೇಳಿದೆ ನೋಡವಾ. ಆಕಿ ಕಳಿಸಿದ್ಲೇನ?"

"ಇಲ್ರಿ. ನಾನs ಬಂದೆ. ಆಕಿಗೆ ಗೊತ್ತಿಲ್ಲ."

"ಆಕಿಗೆ ಫೆಲೋಶಿಪ್ ಬರತದ ಅಂದಾಳಲ್ಲ. ಬಂದರ ನಾ ತಡ್ಯಾಂವನs."

"ಈ ವರ್ಷ ಬರಲಾರದು ಕಾಕಾ. ಬಂದೀತು, ತಡಾಗಿ ಬಂದೀತು. ಆಕಿ ಹಿಡದ ಕೆಲಸ ಖರೇನs ಐತಿ, ಸಣ್ಣದು. ಬೆಳ್ಯಾಕ ದಿನಾ ಬೇಕು."

ಅವರು ಟಾಯರನ್ನು ಮತ್ತೆ ಕೈಗೆತ್ತಿಕೊಂಡರು. ಬೆಳಗಾವಿಯವರಿಗೆ ಮಾತು ಕೊಟ್ಟಾಗಿದೆ ಎಂದಾಗಲಿ, ಕೊಟ್ಟಿಲ್ಲ ಎಂದಾಗಲಿ ಹೇಳಲಿಲ್ಲ. "ಉಂಡ ಹೋಗು. ನೋಡೂಣು" ಎಂದರು. ಅವರ ‘ನೋಡೂಣು’ ಎಂದರೆ ಏನೆಂದು ನಿನಗೇ ಗೊತ್ತು. ನನಗೆ ತಿಳಿಯಲಿಲ್ಲ. ಇಷ್ಟಾದರೂ ಫೆಬ್ರುವರಿಯಲ್ಲಿ ನಿನ್ನನ್ನು ಕಳಿಸಿಕೊಟ್ಟರೆ, ಅದು ನನ್ನಿಂದಾಯಿತೆಂದು ನೀನು ಹೇಳುವ ಹಕ್ಕು ನಿನಗಿದೆ. ನಾನೂ ಹಾಗೆಯೇ ಅಂದುಕೊಳ್ಳುತ್ತೇನೆ.

ನೋಟುಪುಸ್ತಕವನ್ನು ನಿನ್ನೆ ಮನೆಗೆ ತಂದಿದ್ದೆ. ಮಧ್ಯಾಹ್ನ ಹುಬ್ಬಳ್ಳಿಯಿಂದ ಬಂದು ಕಿಟಕಿಯ ಹತ್ತಿರ ಕೂತು ತೆರೆದೆ. ನಲವತ್ತೊಂದು ಪುಟ. ಜೂನ್‌ವರೆಗಿನ ಪ್ರತಿ ಪುಟದ ಕೆಳಗೆ ನಿನ್ನ ಸಹಿ, ನನ್ನ ಸಹಿ; ಆಮೇಲಿನವುಗಳಲ್ಲಿ ಅಬೀದಾಳದು, ನನ್ನದು. ಕೆಲವು ಪುಟಗಳಲ್ಲಿ ನೀನು ತಮಾಷೆಗೆ ಬಿಡಿಸಿದ ಇಲಿಗಳಿವೆ. ಮೂವತ್ತೆರಡನೆಯ ಪುಟದ ಇಲಿಗೆ ಸರ್ ಅವರ ಹಾಗೆ ಕನ್ನಡಕವಿದೆ. ಅದೊಂದನ್ನಾದರೂ ಅಳಿಸಲೇ ಎಂದು ಯೋಚಿಸಿ ಬಿಟ್ಟೆ.

ನೀನು ಹೇಳಿದಂತೆ ಖಾಲಿ ಅಂಕಣವನ್ನು ತುಂಬಿದ್ದೇನೆ. ಎಲ್ಲ ಪುಟಗಳಲ್ಲೂ, ನನ್ನ ದುಂಡಗಿನ ಅಕ್ಷರದಲ್ಲಿ, ‘ನೀರು’ ಎಂದು. ಅದನ್ನು ತುಂಬಿದ್ದು ಇವತ್ತು ಎಂಬುದಕ್ಕೆ ಪಕ್ಕದಲ್ಲಿ ಇವತ್ತಿನ ತಾರೀಖು ಹಾಕಿದ್ದೇನೆ. ಕೊನೆಯಲ್ಲಿ ಆಕೆ ಮತ್ತು ನಾನು ನವೆಂಬರಿನಲ್ಲಿ ಮಾಡಿದ ನಾಲ್ಕು ದಿನದ ಅಂಕಿಗಳನ್ನು ಅಂಟಿಸಿದ್ದೇನೆ. ಅಬೀದಾಳ ಹೆಸರನ್ನು ನನ್ನದಕ್ಕಿಂತ ಮೊದಲು ಬರೆದೆ. ಬರೆಯುವಾಗ ಕೈ ಒಂದು ಸಲ ನಿಂತಿತು, ಆಮೇಲೆ ಬರೆಯಿತು.

ಈ ಪತ್ರ ನಿನಗೆ ಬುಧವಾರ ಮುಟ್ಟುತ್ತದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಸರ್ ಬರುವ ಮೊದಲು ಪುಸ್ತಕ ಅವರ ಮೇಜಿನ ಮೇಲಿರುತ್ತದೆ.

ಕಸ್ತೂರಿ